ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ರಿಪೇರಿ ಎಲ್ಲಿ ಅಂತ ಕೇಳಿ

ಪ್ಲಸ್ ಟು ರಿಸಲ್ಟ್ ಬಂದು ಕಾಲೇಜು ಶುರುವಾಗುವ ಹೊತ್ತಿಗೆ ಕೇರಳದ ಗಡಿಯ, ಕಾಸರಗೋಡು ಕಡೆಯ ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪಿನ ಮಾತು ಬಂದೇ ಬರುತ್ತದೆ. ಆಮೇಲೆ ನಡೆಯುವುದೂ ಹೆಚ್ಚುಕಡಿಮೆ ಒಂದೇ. ರಜಾದಿನ ನೋಡಿ ಮಂಗಳೂರಿಗೆ ಬಸ್ಸು ಹತ್ತುತ್ತಾರೆ, ಇಲ್ಲವೇ ಕಾಸರಗೋಡು ಪೇಟೆಗೆ ಇಳಿಯುತ್ತಾರೆ. ಕೈಯಲ್ಲಿ ಎಷ್ಟು ದುಡ್ಡಿದೆ ಅಂತ ಹೇಳುತ್ತಾರೆ. ಅಂಗಡಿಯವರು "ಐ5, 8 ಜಿಬಿ, 512" ಅಂತ ಒಂದನ್ನು ತೆಗೆದು ತೋರಿಸುತ್ತಾರೆ. ಬ್ಯಾಗು, ಮೌಸು ಫ್ರೀ. ಅಲ್ಲಿಗೆ ವ್ಯಾಪಾರ ಮುಗಿಯಿತು. ಮುಂದಿನ ಮಳೆಗಾಲದಲ್ಲಿ ಅದು ಕೆಟ್ಟು ಕೂತರೆ ಯಾರಿಗೆ ಫೋನ್ ಮಾಡಬೇಕು ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ಮೊದಲು ಬೆಲೆ, ಆಮೇಲೆ ಮಾಡೆಲ್, ಕೆಟ್ಟ ಮೇಲೆ ಸರ್ವಿಸ್ ಅನ್ನುವ ಈ ಕ್ರಮ ನಮ್ಮಂಥ ಗಡಿ ಊರಿಗೆ ಆಗುವುದಿಲ್ಲ. ಇದನ್ನು ಪೂರ್ತಿ ತಿರುಗಿಸಿ. ಮೊದಲು ಸರ್ವಿಸ್, ಆಮೇಲೆ ಮಾಡೆಲ್, ಬೆಲೆ ಕೊನೆಗೆ.

ಹಂತ 1: ಯಾವ ಕೆಲಸಕ್ಕೆ?

ಬರೆಯುವುದು, ಓದುವುದು, ಲೆಕ್ಕ ಇಡುವುದು, ಆನ್‌ಲೈನ್ ಕ್ಲಾಸ್ ಇಷ್ಟಕ್ಕೇ ಆದರೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಎಂಜಿನಿಯರಿಂಗ್ ಡ್ರಾಯಿಂಗ್, ವಿಡಿಯೊ ಎಡಿಟಿಂಗ್ ಇದ್ದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದು ಬೇಕು. ಹೈಸ್ಕೂಲ್ ಮಕ್ಕಳಿಗಾದರೆ ವಿಂಡೋಸ್ ಇಲ್ಲದ ಮಾಡೆಲ್ ಕೂಡ ನಡೆಯುತ್ತದೆ. ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಕೈಟ್ (ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಡುವ ಉಬುಂಟು ಲಿನಕ್ಸ್‌ನಲ್ಲಿ. ಅದು ವಿಂಡೋಸ್ ಹಾಗೆಯೇ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್, ಅದಕ್ಕೆ ಲೈಸೆನ್ಸ್ ದುಡ್ಡು ಇಲ್ಲ. ಲಿನಕ್ಸ್ ಇರುವುದನ್ನು ಕೊಂಡು "ನಾವು ವಿಂಡೋಸ್ ಹಾಕಿ ಕೊಡುತ್ತೇವೆ" ಅನ್ನುವವರ ಕೈಗೆ ಮಾತ್ರ ಕೊಡಬೇಡಿ. ಅವರು ಹಾಕುವುದು ಹೆಚ್ಚಾಗಿ ಕ್ರ್ಯಾಕ್ ಮಾಡಿದ ವಿಂಡೋಸ್. ವೈರಸ್ ಅದರ ಜೊತೆಗೇ ಬರಬಹುದು.

ಹಂತ 2: ಕೆಟ್ಟರೆ ಯಾರು ಬರುತ್ತಾರೆ?

ಜನ ಎಡವುವುದು ಇಲ್ಲಿಯೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಪೆಟ್ಟಿಗೆಯ ಮೇಲೆ "1 ವರ್ಷ ವಾರಂಟಿ" ಅಂತ ಇರುತ್ತದೆ. ಅಷ್ಟರಿಂದ ಏನೂ ಗೊತ್ತಾಗುವುದಿಲ್ಲ. ವಾರಂಟಿಯಲ್ಲಿ ಮುಖ್ಯವಾಗಿ ಎರಡು ಬಗೆ. ಆನ್‌ಸೈಟ್ ಅಂದರೆ ಕಂಪನಿಯ ಎಂಜಿನಿಯರ್ ಪಾರ್ಟ್ಸ್ ಹಿಡಿದುಕೊಂಡು ನಿಮ್ಮ ಮನೆಗೇ ಬರುತ್ತಾರೆ. ಕ್ಯಾರಿ ಇನ್ ಅಂದರೆ ನೀವೇ ಸರ್ವಿಸ್ ಸೆಂಟರಿಗೆ ಒಯ್ಯಬೇಕು, ರೆಡಿ ಆದ ಮೇಲೆ ನೀವೇ ತರಬೇಕು. ಬೆಂಗಳೂರಿನಲ್ಲಿ ಇರುವವರಿಗೆ ಎರಡರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಬದಿಯಡ್ಕದಲ್ಲೋ ಮುಳ್ಳೇರಿಯಾದಲ್ಲೋ ಇರುವವರಿಗೆ ಇದೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ಕಣ್ಣೂರು ಹೆಚ್ಚುಕಡಿಮೆ ಅದರ ಎರಡರಷ್ಟು. ಒಂದು ಕೀಬೋರ್ಡ್ ಬದಲಿಸಲು ಒಯ್ಯಲು ಒಂದು ದಿನ, ತರಲು ಒಂದು ದಿನ ರಜೆ ಹಾಕಬೇಕು.

ಆನ್‌ಸೈಟ್ ಅಂತ ಬರೆದಿದ್ದರೂ ಎಲ್ಲ ಊರಿಗೆ ಬರುತ್ತಾರೆ ಅಂತ ಇಲ್ಲ. ಅದು ಪಿನ್‌ಕೋಡ್ ಮೇಲೆ ನಿಂತಿದೆ. ಅದಕ್ಕೇ ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕೂತು ಕಂಪನಿಗೆ ಫೋನ್ ಮಾಡಿ. ನಂಬರನ್ನು ಕಂಪನಿಯ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ಮೊದಲ ನಂಬರಿಗೆ ಮಾಡಬೇಡಿ, ಕಸ್ಟಮರ್ ಕೇರ್ ಹೆಸರಿನಲ್ಲಿ ದುಡ್ಡು ಹೊಡೆಯುವವರ ನಂಬರುಗಳೂ ಅಲ್ಲೇ ಇರುತ್ತವೆ. ಪಿನ್‌ಕೋಡ್ ಹೇಳುವಾಗ ಕಾಸರಗೋಡು ಪೇಟೆಯದ್ದನ್ನು ಹೇಳಬೇಡಿ, ನಿಮ್ಮ ಮನೆಯದ್ದನ್ನೇ ಹೇಳಿ. ಕೇಳಬೇಕಾದ್ದು ಇಷ್ಟು: "ಈ ಮಾಡೆಲ್‌ಗೆ ನನ್ನ ಪಿನ್‌ಕೋಡಿನಲ್ಲಿ ಆನ್‌ಸೈಟ್ ಇದೆಯಾ? ಎಂಜಿನಿಯರ್ ಯಾವ ಊರಿನಿಂದ ಬರ್ತಾರೆ? ಬ್ಯಾಟರಿಗೆ ಎಷ್ಟು ವರ್ಷ?" ಬ್ಯಾಟರಿಯದ್ದನ್ನು ಬೇರೆಯಾಗಿಯೇ ಕೇಳಿ. ಲ್ಯಾಪ್‌ಟಾಪಿಗೆ ಮೂರು ವರ್ಷ ಇದ್ದರೂ ಬ್ಯಾಟರಿಗೆ ಒಂದೇ ವರ್ಷ ಕೊಡುವ ಕಂಪನಿಗಳಿವೆ. ಫೋನಿನಲ್ಲಿ ಹೇಳಿದ್ದನ್ನು ಚಾಟ್‌ನಲ್ಲಿ ಇನ್ನೊಮ್ಮೆ ಕೇಳಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ಗಡಿಯ ಒಂದು ತೊಡಕು ಇದೆ. ನಮ್ಮ ವಿಳಾಸ ಕೇರಳದ್ದು ಅಂತ ದೂರು ಕಣ್ಣೂರಿಗೋ ಕೋಝಿಕ್ಕೋಡಿಗೋ ಹೋಗಬಹುದು. ಉಪ್ಪಳದವರಿಗೆ ಮಂಗಳೂರು ಕೈಗೆಟುಕುವಷ್ಟು ಹತ್ತಿರ ಇರುತ್ತದೆ. ಭಾರತದಲ್ಲಿ ಮಾರಿದ ಲ್ಯಾಪ್‌ಟಾಪಿನ ವಾರಂಟಿಗೆ ರಾಜ್ಯದ ಗಡಿ ಇಲ್ಲ. ಹಾಗಾಗಿ ದೂರು ಕೊಡುವಾಗಲೇ "ಮಂಗಳೂರು ಸೆಂಟರಿಗೆ ಹಾಕಿ" ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವರಾಗಿಯೇ ಮಾಡುವುದಿಲ್ಲ.

ವಾರಂಟಿಯಲ್ಲಿ ಏನು ಸೇರುವುದಿಲ್ಲ ಅನ್ನುವುದನ್ನೂ ಓದಿ. ನೀರು ಬಿದ್ದದ್ದು, ಕೆಳಗೆ ಬಿದ್ದದ್ದು, ಸಿಡಿಲಿಗೆ ಸುಟ್ಟದ್ದು ಮಾಮೂಲಿ ವಾರಂಟಿಗೆ ಬರುವುದಿಲ್ಲ. ನಮ್ಮ ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪ್ ಎಲ್ಲೂ ಬಿದ್ದಿರಲಿಲ್ಲ. ಮುಚ್ಚಳದ ಹಿಂಜ್ ಬಿಗಿಯಾಗಿ, ತೆರೆಯುವಾಗ ಮೂಲೆಯ ಪ್ಲಾಸ್ಟಿಕ್ ಬಿರಿಯಿತು. ಸೆಂಟರಿನವರು "ಫಿಸಿಕಲ್ ಡ್ಯಾಮೇಜ್" ಅಂತ ಬರೆದು ವಾಪಸು ಕಳಿಸಿದರು. ವಾರಂಟಿ ಇನ್ನೂ ಮುಗಿದಿರಲಿಲ್ಲ. ಕಾಲೇಜಿಗೆ ದಿನಾ ಬಸ್ಸಿನಲ್ಲಿ ಒಯ್ಯುವ ಮಕ್ಕಳಿದ್ದರೆ ಆ್ಯಕ್ಸಿಡೆಂಟಲ್ ಡ್ಯಾಮೇಜ್ ಪ್ಲ್ಯಾನ್ ಸೇರಿಸಿಕೊಳ್ಳಿ. ಅದನ್ನು ಕಂಪನಿಯಿಂದಲೇ ತೆಗೆದುಕೊಳ್ಳಿ. ಅಂಗಡಿಯವರು ತಮ್ಮದೇ ಹೆಸರಿನಲ್ಲಿ ಮಾರುವ ಎಕ್ಸ್‌ಟೆಂಡೆಡ್ ವಾರಂಟಿ ಬೇಡವೇ ಬೇಡ. ಕೆಟ್ಟಾಗ ಕಂಪನಿ ಅಂಗಡಿಯನ್ನು ತೋರಿಸುತ್ತದೆ, ಅಂಗಡಿ ಇನ್ಯಾವುದೋ ಏಜೆನ್ಸಿಯನ್ನು ತೋರಿಸುತ್ತದೆ.

ನನ್ನ ಮಾತು ಇಷ್ಟೇ: ನಿಮ್ಮ ಪಿನ್‌ಕೋಡಿಗೆ ಆನ್‌ಸೈಟ್ ಕೊಡುವ ಕಂಪನಿ ಎರಡು ಸಾವಿರ ಜಾಸ್ತಿ ಕೇಳಿದರೂ ಅದನ್ನೇ ತೆಗೆದುಕೊಳ್ಳಿ.

ಹಂತ 3: ಪೂರ್ತಿ ಮಾಡೆಲ್ ನಂಬರ್

"ಐ5" ಅನ್ನುವುದು ಪ್ರೊಸೆಸರಿನ, ಅಂದರೆ ಲ್ಯಾಪ್‌ಟಾಪಿನ ಮಿದುಳಿನ ಹೆಸರು. ಅಷ್ಟೇ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಅದರ ಮುಂದಿನ ನಂಬರ್ ಬೇಕು. ಇಂಟೆಲ್‌ನ ಐ5-1235ಯು ತೆಗೆದುಕೊಳ್ಳಿ. ಮೊದಲಿನ 12 ಅಂದರೆ 12ನೇ ತಲೆಮಾರು. ಕೊನೆಯ ಯು ಅಂದರೆ ಕರೆಂಟು ಕಡಿಮೆ ತಿನ್ನುವ ಬಗೆ, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಯು ಬದಲು ಎಚ್ ಇದ್ದರೆ ಶಕ್ತಿ ಜಾಸ್ತಿ, ಬಿಸಿಯೂ ಜಾಸ್ತಿ.

ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಂಡಿಯಲ್ಲಿ ಇನ್ನೂ ಹುಷಾರಾಗಿರಬೇಕು. ರೈಜನ್ 5 7520ಯು ಮತ್ತು ರೈಜನ್ 5 7530ಯು ಎರಡನ್ನೂ ಪಕ್ಕಪಕ್ಕ ಇಟ್ಟಿರುತ್ತಾರೆ. ಹೆಸರಿನಲ್ಲಿ ಒಂದೇ ಅಂಕಿ ವ್ಯತ್ಯಾಸ. ಆದರೆ ಮೊದಲನೆಯದು ನಾಲ್ಕು ಕೋರಿನ (ಕೋರ್ ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಹಳೆಯ ವಿನ್ಯಾಸ, ಎರಡನೆಯದು ಆರು ಕೋರಿನ, ಅದಕ್ಕಿಂತ ಹೊಸ ವಿನ್ಯಾಸ. ಈ 7000 ಸಾಲಿನಲ್ಲಿ ಒಳಗಿನ ವಿನ್ಯಾಸ ಎಷ್ಟು ಹಳೆಯದು ಅಂತ ಹೇಳುವುದು ಮೂರನೇ ಅಂಕಿ. ಅದು 2 ಇದ್ದರೆ ನಾನಾದರೆ ಬಿಟ್ಟುಬಿಡುತ್ತೇನೆ. ಇಂಟೆಲ್‌ನ ಅಗ್ಗದ ಪ್ರೊಸೆಸರ್ ಸೆಲೆರಾನ್ ಅಂತ ಬರೆದದ್ದನ್ನು ಯಾವ ಬೆಲೆಗೂ ಕೊಳ್ಳಬೇಡಿ.

ಇನ್ನು ರ‍್ಯಾಮ್. ಕೆಲಸ ನಡೆಯುವಾಗ ಬೇಕಾಗುವ ತಾತ್ಕಾಲಿಕ ಮೆಮೊರಿ ಅದು, ಅಂಗಡಿಯವರು ಹೇಳುವ "8 ಜಿಬಿ" ಅದೇ. ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬೇರೆ ಸ್ಲಾಟ್ ಇಲ್ಲದಿದ್ದರೆ ಆಮೇಲೆ ಹೆಚ್ಚಿಸಲು ಆಗುವುದಿಲ್ಲ. "ಬೇಕಾದರೆ ಮತ್ತೆ ಹಾಕಿಸಬಹುದು" ಅನ್ನುವ ಬಾಯಿಮಾತು ನಂಬಬೇಡಿ. ಅಂಗಡಿಯಲ್ಲಿ ಡೆಮೊ ಪೀಸ್ ಇರುತ್ತದಲ್ವಾ, ಅದರಲ್ಲೇ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ. ಕೆಳಗೆ ಸಣ್ಣ ಅಕ್ಷರದಲ್ಲಿ ಫಾರ್ಮ್ ಫ್ಯಾಕ್ಟರ್ ಅಂತ ಇದೆ. ಅದರ ಎದುರು "ಎಸ್‌ಒಡಿಐಎಂಎಂ" ಅಂತ ಇದ್ದರೆ ತೆಗೆದು ಹಾಕುವ ರ‍್ಯಾಮ್. "ರೋ ಆಫ್ ಚಿಪ್ಸ್" ಅಂತ ಇದ್ದರೆ ಬೆಸುಗೆ ಹಾಕಿದ್ದು. ಅಂಥದ್ದಾದರೆ 16 ಜಿಬಿಯದ್ದನ್ನೇ ಕೊಳ್ಳಿ. 8 ಜಿಬಿ ಈಗ ಸಾಕಾದರೂ ನಾಲ್ಕು ವರ್ಷದ ಕೋರ್ಸ್ ಮುಗಿಯುವವರೆಗೆ ಸಾಲದು.

ಫೈಲುಗಳನ್ನು ಇಡುವ ಸ್ಟೋರೇಜ್ 512 ಜಿಬಿ ಎಸ್‌ಎಸ್‌ಡಿ ಇರಲಿ. ವಿಂಡೋಸ್ 476 ಅಂತ ತೋರಿಸಿದರೆ ಗಾಬರಿ ಬೇಡ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕಾದರೆ ಇಂಟೆಲ್‌ನಲ್ಲಿ ಸಾಧಾರಣವಾಗಿ 8ನೇ ತಲೆಮಾರು ಅಥವಾ ಅದರ ಮೇಲಿನದ್ದು ಇರಬೇಕು. ಕಡಿಮೆಗೆ ಸಿಗುತ್ತದೆ ಅಂತ 6ನೇ ತಲೆಮಾರಿನ ಐ5 ತಂದರೆ ಅದರಲ್ಲಿ ಲಿನಕ್ಸ್ ಹಾಕಿಕೊಳ್ಳಬೇಕು, ಅಷ್ಟೇ.

ಹಂತ 4: ಕೈಯಲ್ಲಿ ಹಿಡಿದು ನೋಡಿ

ಆನ್‌ಲೈನ್‌ನಲ್ಲೇ ಕೊಳ್ಳುವವರೂ ಒಮ್ಮೆ ಅಂಗಡಿಗೆ ಹೋಗಿ ಮುಟ್ಟಿ ನೋಡಿ. ಮುಚ್ಚಳವನ್ನು ನಡುವಿನಲ್ಲಿ ಹಿಡಿದು ಎತ್ತಿ. ಕಿರುಗುಟ್ಟಿದರೆ, ಪ್ಲಾಸ್ಟಿಕ್ ಬಾಗಿದರೆ ಬೇಡ. ಸ್ಕ್ರೀನನ್ನು ಪಕ್ಕದಿಂದ ನೋಡಿ, ಬಣ್ಣ ಮಸುಕಾಗಬಾರದು. ಫುಲ್ ಎಚ್‌ಡಿ, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಮಾಸದ ಸ್ಕ್ರೀನ್) ಎರಡೂ ಇರಲಿ. ಕನ್ನಡ ಟೈಪಿಂಗಿಗೆ ಅಂತ ಬೇರೆ ದುಡ್ಡು ಕೊಡಬೇಡಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಫೊನೆಟಿಕ್ ಕೀಬೋರ್ಡ್ ಸುಮ್ನೆ ಸಿಗುತ್ತದೆ.

ಹಂತ 5: ಈಗ ಬೆಲೆ

ಗಡಿ ದಾಟಿದರೆ ತೆರಿಗೆ ಕಡಿಮೆ ಅಂತ ಈಗಲೂ ನಂಬಿದವರಿದ್ದಾರೆ. ಲ್ಯಾಪ್‌ಟಾಪಿಗೆ ಜಿಎಸ್‌ಟಿ ಇತ್ತಲೂ ಅತ್ತಲೂ 18 ಶೇಕಡಾ. ವ್ಯತ್ಯಾಸ ಬರುವುದು ಆಫರಿನಿಂದ ಮಾತ್ರ. ಓಣಂ ಹೊತ್ತಿಗೆ ಕಾಸರಗೋಡಿನಲ್ಲಿ, ದೀಪಾವಳಿ ಹೊತ್ತಿಗೆ ಮಂಗಳೂರಿನಲ್ಲಿ ವಿಚಾರಿಸಿ. ಹೋಲಿಸುವಾಗ ಪೂರ್ತಿ ಮಾಡೆಲ್ ನಂಬರ್ ಒಂದೇ ಇರಬೇಕು. ಒಂದೇ ಹೆಸರಿನ ಲ್ಯಾಪ್‌ಟಾಪ್ ಹತ್ತು ಬಗೆಯಲ್ಲಿ ಬರುತ್ತದೆ. ನೋ ಕಾಸ್ಟ್ ಇಎಂಐ ಅಂದರೆ ಪೂರ್ತಿ ಖರ್ಚಿಲ್ಲದ್ದು ಅಂತ ಅಲ್ಲ. ಕ್ರೆಡಿಟ್ ಕಾರ್ಡಿನದ್ದಾದರೆ ಪ್ರೊಸೆಸಿಂಗ್ ಫೀಸು ಇರಬಹುದು, ಬಡ್ಡಿಯ ಮೇಲಿನ ಜಿಎಸ್‌ಟಿಯೂ ನಮ್ಮ ತಲೆಗೇ ಬರುತ್ತದೆ. ಬ್ಯಾಗು, ಮೌಸು, ಕೀಬೋರ್ಡ್ ಕವರ್ ಬೇಡ, ಅದರ ಬದಲು ಬೆಲೆ ಇಳಿಸಿ ಅಂತ ಕೇಳಿ.

ಹಂತ 6: ಅಂಗಡಿಯಲ್ಲಿ, ಮೊದಲ ದಿನ

ಪೆಟ್ಟಿಗೆ ನಿಮ್ಮೆದುರೇ ತೆರೆಯಲಿ. ಪೆಟ್ಟಿಗೆಯ ಮೇಲೆ, ಲ್ಯಾಪ್‌ಟಾಪಿನ ಅಡಿಯಲ್ಲಿ, ಬಿಲ್ಲಿನಲ್ಲಿ ಮೂರೂ ಕಡೆ ಸೀರಿಯಲ್ ನಂಬರ್ ಒಂದೇ ಇರಬೇಕು. ಅದೇ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಯಾವಾಗ ಮುಗಿಯುತ್ತದೆ ಅಂತ ನೋಡಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಪೀಸಾದರೆ ತಾರೀಕು ಹಿಂದಿನಿಂದಲೇ ಶುರುವಾಗಿರಬಹುದು. ಹಾಗಿದ್ದರೆ ಬಿಲ್ ಕಳಿಸಿ ಸರಿ ಮಾಡಿಸಿ.

"ಸೆಟಪ್ ನಾನೇ ಮಾಡಿ ಕೊಡ್ತೇನೆ ಅಕ್ಕಾ" ಅಂತ ಅಂಗಡಿಯ ಹುಡುಗ ಮುಂದೆ ಬರುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಅವನ ಇಮೇಲ್ ಹಾಕಲು ಬಿಡಬೇಡಿ. ಹೊಸ ವಿಂಡೋಸ್ 11ರಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ, ಅದನ್ನು ತೆರೆಯುವ ಬಿಟ್‌ಲಾಕರ್ ರಿಕವರಿ ಕೀ ಆ ಇಮೇಲ್ ಖಾತೆಗೆ ಹೋಗುತ್ತದೆ. ಎರಡು ವರ್ಷ ಬಿಟ್ಟು ಲ್ಯಾಪ್‌ಟಾಪ್ ಆ ಕೀ ಕೇಳಿದಾಗ ಹುಡುಗ ಕೆಲಸ ಬಿಟ್ಟು ಹೋಗಿರುತ್ತಾನೆ. ಆಗ ಒಳಗಿನ ಫೋಟೊ, ಪ್ರಾಜೆಕ್ಟ್ ಯಾವುದೂ ಸಿಗುವುದಿಲ್ಲ. ಜೊತೆಗೆ ಬರುವ ಎಂಎಸ್ ಆಫೀಸ್ ಕೂಡ ಮೊದಲು ಆ್ಯಕ್ಟಿವೇಟ್ ಮಾಡಿದ ಖಾತೆಗೇ ಅಂಟಿಕೊಳ್ಳುತ್ತದೆ. ನಿಮ್ಮದೇ ಇಮೇಲ್ ಹಾಕಿ, ಪಾಸ್‌ವರ್ಡ್ ಬರೆದಿಡಿ.

ಮನೆಯಲ್ಲಿ ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೇ ಹಾಕಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಶುರುವಾದ ಕೂಡಲೇ ಚಾರ್ಜರ್ ಕಿತ್ತಿಡಿ.

ಬಿಲ್ ಜಿಎಸ್‌ಟಿ ಬಿಲ್ಲೇ ಆಗಿರಲಿ, ನಿಮ್ಮ ಹೆಸರು, ಕಾಸರಗೋಡಿನ ವಿಳಾಸ ಇರಲಿ. ಆವತ್ತೇ ಫೋಟೊ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ, ಥರ್ಮಲ್ ಕಾಗದದ ಅಕ್ಷರ ಬೇಗ ಮಾಸುತ್ತದೆ. ಕಂಪನಿ ಸತಾಯಿಸಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ ಇದೆ. ಮಂಗಳೂರಿನಲ್ಲಿ ಕೊಂಡದ್ದಕ್ಕೆ ಮಂಗಳೂರಿನಲ್ಲೇ ಕೇಸು ಹಾಕಬೇಕು ಅಂತ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಫೀಸು ಇಲ್ಲ. ದೂರಿನ ಜೊತೆ ಬಿಲ್ಲನ್ನೂ, ಚಾಟ್‌ನ ಆ ಸ್ಕ್ರೀನ್‌ಶಾಟನ್ನೂ ಲಗತ್ತಿಸಿ.