ಮೂರು ಮಣಿ, ಒಂದು ಲಾಡಿ: ಒಮ್ಮುಖದ ಕೊರತೆಗೆ ನಾನು ಕಂಡುಕೊಂಡ ದಾರಿ

ಹತ್ತಿರದ ಅಕ್ಷರದ ಮೇಲೆ ಎರಡು ಕಣ್ಣುಗಳನ್ನೂ ಒಟ್ಟಿಗೆ ಒಳಕ್ಕೆ ತಿರುಗಿಸಿ ನಿಲ್ಲಿಸಲಾಗದ, ಅಂದರೆ ಒಮ್ಮುಖದ ಕೊರತೆಯಿರುವ ಮಕ್ಕಳಿಗೆ ದಾರ ಮತ್ತು ಮಣಿಗಳಿಂದ ಅಭ್ಯಾಸ ಮಾಡಿಸುತ್ತೇನೆ ಎಂದಾಗ, ನಮ್ಮ ಊರಿನ ನೇತ್ರತಜ್ಞರೊಬ್ಬರು "ಕನ್ನಡಕ ಬಿಟ್ಟು ಮಣಿಸರದ ವ್ಯಾಪಾರಕ್ಕೆ ಇಳಿದಿರೋ?" ಎಂದು ನಕ್ಕಿದ್ದರು. ನಾಲ್ಕು ವರ್ಷಗಳಲ್ಲಿ ತಿಪಟೂರಿನ ನನ್ನ ಅಂಗಡಿಯ ಹಿಂಕೋಣೆಯಲ್ಲಿ ಸುಮಾರು 30 ಮಕ್ಕಳು ಅಭ್ಯಾಸ ಮುಗಿಸಿದ್ದು, 22–23 ಮಂದಿಯ ಸಮೀಪಬಿಂದು (ಎರಡು ಕಣ್ಣುಗಳೂ ಒಟ್ಟಿಗೆ ನೋಡಬಲ್ಲ ಅತಿ ಹತ್ತಿರದ ಜಾಗ) 6 ಸೆಂಟಿಮೀಟರಿನೊಳಗೆ ಬಂದಿದೆ. ಅದೇ ತಜ್ಞರು ಈಚೆಗೆ ತಮ್ಮ ಅಕ್ಕನ ಮಗಳನ್ನೇ ಕಳುಹಿಸಿದರೆಂಬುದನ್ನು ಹೇಳದೆ ಇರಲಾರೆ.

ಮೊದಲು ನಾನೂ, ಕಣ್ಣುಗಳು ಒಳಕ್ಕೆ ತಿರುಗುವ ಶ್ರಮವನ್ನು ತಗ್ಗಿಸಲೆಂದು ಮಾಡುವ ಬೇಸ್-ಇನ್ ಪ್ರಿಸಂ ಕನ್ನಡಕಗಳನ್ನೇ ಕೊಡುತ್ತಿದ್ದೆ. ಐದಾರು ಮಕ್ಕಳಿಗೆ ಮಾಡಿಸಿ, ತಲೆನೋವು ಹೋಗಲಿಲ್ಲವೆಂದು ಬಂದ ಪೋಷಕರಿಗೆ ಹಣ ಹಿಂದಿರುಗಿಸಿ, ಏನಿಲ್ಲವೆಂದರೂ ಹತ್ತು ಸಾವಿರ ಕಳೆದುಕೊಂಡೆ. ಮಕ್ಕಳಲ್ಲಿ ಅದು ಪ್ರಿಸಂ ಇಲ್ಲದ ಕನ್ನಡಕಕ್ಕಿಂತ ಹೆಚ್ಚೇನೂ ಮಾಡುವುದಿಲ್ಲವೆಂದು ಅಮೆರಿಕದ ಅಧ್ಯಯನವೊಂದು 2005ರಲ್ಲಿಯೇ ತೋರಿಸಿತ್ತು. ನಾನು ಓದಿದ್ದು ಹಣ ಹೋದ ಮೇಲೆ. ಕೆಂಪು-ಹಸಿರು ಕನ್ನಡಕ ಹಾಕಿ ಅಭ್ಯಾಸ ಮಾಡುವ ಕಂಪ್ಯೂಟರ್ ತಂತ್ರಾಂಶಕ್ಕೆ ಇನ್ನೊಂದು 14 ಸಾವಿರ ಸುರಿದೆ. ಹಳ್ಳಿಯ ಮನೆಗಳಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು?

ಪೆನ್ಸಿಲಿನ ತುದಿಯನ್ನು ಒಂದಾಗಿಯೇ ಕಾಣುತ್ತ ನಿಧಾನವಾಗಿ ಮೂಗಿನತ್ತ ತರುವ ಪೆನ್ಸಿಲ್ ಅಭ್ಯಾಸದ ತೊಡಕು ಬೇರೆಯದು. 221 ಮಕ್ಕಳ ಮೇಲೆ 12 ವಾರ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಬಂದು ಮನೆಯಲ್ಲಿಯೂ ಮಾಡಿದವರಲ್ಲಿ ಶೇ. 73ರಷ್ಟು ಮಂದಿಗೆ ಗುಣ ಕಂಡಿತು. ಮನೆಯಲ್ಲಿ ಪೆನ್ಸಿಲ್ ಹಿಡಿದವರಲ್ಲಿ ಶೇ. 43ರಷ್ಟು ಮಂದಿಗೆ ಮಾತ್ರ. ಕಾರಣವೇನಿರಬಹುದೆಂದು ನನಗೆ ಹೊಳೆದದ್ದು ಒಬ್ಬ ಹುಡುಗನಿಂದ. ಪೆನ್ಸಿಲ್ ಮೂಗಿನ ಹತ್ತಿರ ಬಂದರೂ ಅವನು "ಒಂದೇ ಕಾಣ್ತದೆ ಸಾರ್" ಎನ್ನುತ್ತಿದ್ದ, ಆದರೆ ಬಲಗಣ್ಣು ಹೊರಕ್ಕೆ ಸರಿದಾಗಿತ್ತು. ಮಿದುಳು ಆ ಕಣ್ಣಿನ ಚಿತ್ರವನ್ನು ಕೈಬಿಟ್ಟ ಮೇಲೆ ಪೆನ್ಸಿಲ್ ಎರಡಾಗಿ ಕಾಣುವುದಾದರೂ ಹೇಗೆ? ಮನೆಯಲ್ಲಿ ಕೂತ ತಾಯಿಗೆ ಇದು ತಿಳಿಯುವುದೇ ಇಲ್ಲ.

ದಾರ ಈ ಮೋಸವನ್ನು ಬಯಲು ಮಾಡುತ್ತದೆ. ಮಣಿಗಳನ್ನು ಪೋಣಿಸಿ, ಒಂದು ತುದಿಯನ್ನು ಮೂಗಿಗೆ ಹಿಡಿದು ನೋಡುವ ಈ ದಾರಕ್ಕೆ ಬ್ರಾಕ್ ದಾರವೆಂದು ಹೆಸರು. ನನ್ನ ಮೊದಲ ನೈಲಾನ್ ದಾರ ಬೆಳಕಿಗೆ ಹೊಳೆದು ಕೆಟ್ಟಿತು. ಹೊಲಿಗೆಯ ದಾರ ಕಾಣದಷ್ಟು ಸಪೂರವಾಯಿತು. ಕೊನೆಗೆ ಒದಗಿದ್ದು ಪೈಜಾಮದ ಬಿಳಿ ಲಾಡಿ. ಮೂರು ಮರದ ಮಣಿಗಳೂ ಸೇರಿ ಒಂದಕ್ಕೆ 35 ರೂಪಾಯಿ ಬೀಳುತ್ತದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಲಾಡಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಮೂಗಿನ ತುದಿಗೆ ಹಿಡಿದು ನಡುವಿನ ಮಣಿಯನ್ನು ನೋಡಿದಾಗ, "ದಾರ ಕತ್ತರಿ ಥರ ಆಯ್ತು" ಎಂದಳು. ಎರಡು ಕಣ್ಣುಗಳೂ ಒಟ್ಟಿಗೆ ನೋಡುತ್ತಿದ್ದರೆ ಒಂದೇ ದಾರ ಎರಡಾಗಿ, ನೋಡುವ ಮಣಿಯಲ್ಲಿ ಕೂಡಿ ಕಾಣುವುದೇ ಸರಿ. ಹತ್ತಿರದ ಮಣಿಗೆ ಬಂದೊಡನೆ "ಒಂದು ದಾರ ಮಾಯ ಆಯ್ತು" ಎಂದಳು. ಆ ಕ್ಷಣಕ್ಕೆ ಕಣ್ಣೊಂದು ಕೆಲಸ ಬಿಟ್ಟಿದೆ ಎಂದರ್ಥ. ಕತ್ತರಿಯ ಕೂಡು ಮಣಿಗಿಂತ ಆಚೆ ಬಿದ್ದರೆ ಕಣ್ಣುಗಳು ಇನ್ನೂ ಅಲ್ಲಿಗೆ ತಲುಪಿಲ್ಲ. ಏನು ಕಾಣಬೇಕೆಂಬುದನ್ನು ಮಗುವಿಗೆ ಮೊದಲೇ ಹೇಳಕೂಡದೆಂದು ತಾಯಂದಿರಿಗೆ ಕಟ್ಟಪ್ಪಣೆ ಮಾಡಿದ್ದೇನೆ. ಹೇಳಿಕೊಟ್ಟರೆ ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಮೂರನೇ ವಾರದಿಂದ ಮಣಿಗಳನ್ನು ಸರಿಸುವ ಕ್ರಮವೊಂದಿದೆ. ಅದನ್ನು ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ.

ಕುತೂಹಲಕ್ಕೆ ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನಂತೆ ಕಣ್ಣುಗಳನ್ನು ಚಿತ್ರಿಸಿದೆ. ಪಕ್ಕದ ಗುರಿಗೆ ನೆಗೆಯುವ ಕಣ್ಣು ಹತ್ತು ಫ್ರೇಮಿನ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ದೂರದ ಮಣಿಯಿಂದ ಹತ್ತಿರದ ಮಣಿಗೆ ಬರಲು ಅದರ ಆರೇಳು ಪಟ್ಟು ಬೇಕು. ಹತ್ತಿರದ ಮಣಿಯನ್ನು ತುಸು ಪಕ್ಕಕ್ಕಿಟ್ಟರೆ ಒಮ್ಮುಖವೂ ಚುರುಕಾಯಿತು. ಇದನ್ನೇ ಅಭ್ಯಾಸವಾಗಿಸಬಹುದೆಂದು ಎರಡು ತಿಂಗಳು ಹೆಣಗಿದೆ. ಪಕ್ಕದ ನೆಗೆತದ ಆಸರೆ ತೆಗೆದೊಡನೆ ಮಕ್ಕಳು ಮೊದಲಿನಂತೆಯೇ ತಡವರಿಸಿದ್ದರಿಂದ ಕೈಬಿಟ್ಟೆ.

ಆರಂಭದಲ್ಲಿ ಶುಲ್ಕವಿರಲಿಲ್ಲ, ಮೂರನೇ ವಾರಕ್ಕೆ ಬರುವವರೂ ಇರಲಿಲ್ಲ. ಈಗ 12 ವಾರಕ್ಕೆ 3,000 ರೂಪಾಯಿ ಮುಂಗಡ ತೆಗೆದುಕೊಳ್ಳುತ್ತೇನೆ. ಸುಧಾರಿಸದ ಏಳೆಂಟು ಮಕ್ಕಳಲ್ಲಿ ಇಬ್ಬರ ನಿಜವಾದ ತೊಂದರೆ, ದೂರ-ಹತ್ತಿರಕ್ಕೆ ತಕ್ಕಂತೆ ನೋಟವನ್ನು ಸ್ಪಷ್ಟಗೊಳಿಸುವ ಕಣ್ಣಿನ ಮಸೂರದ ಹೊಂದಾಣಿಕೆಯದಾಗಿತ್ತು, ±2.00 ಫ್ಲಿಪ್ಪರ್ (ಪ್ಲಸ್ ಮತ್ತು ಮೈನಸ್ ಮಸೂರಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸುವ ಸಾಧನ) ಹಿಡಿದು ಮೊದಲೇ ನೋಡದಿದ್ದುದು ನನ್ನದೇ ತಪ್ಪು. ತಜ್ಞರ ಅಕ್ಕನ ಮಗಳಿಗೆ ಈಗ ಐದನೇ ವಾರ. 10 ಸೆಂಟಿಮೀಟರಿನಲ್ಲಿ ಅವಳಿಗೆ ಇನ್ನೂ ಒಂದು ದಾರ ಮಾಯವಾಗುತ್ತಿದೆ.