ರಾಬಿನ್ ಹುಡ್ ನೋಡಲು ಕೂತಾಗ ಪಕ್ಕದಲ್ಲೊಂದು ನೋಟ್‌ಬುಕ್

ಮೊದಲ ಸಲ ನೋಡುವಾಗ ರಿಮೋಟ್ ಮುಟ್ಟಬೇಡಿ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನನಗೆ ಆ ತಾಳ್ಮೆ ಇರಲಿಲ್ಲ. ರಿಡ್ಲಿ ಸ್ಕಾಟ್ ಮಾಡಿದ 2010ರ ‘ರಾಬಿನ್ ಹುಡ್’, ಅಂದರೆ ಇಂಗ್ಲೆಂಡಿನ ಲಾವಣಿಗಳ ಆ ಬಿಲ್ಲುಗಾರ ಬಂಡುಕೋರನ ಸಿನಿಮಾ, ಹಾಕಿಕೊಂಡು ಐದೈದು ನಿಮಿಷಕ್ಕೆ ನಿಲ್ಲಿಸಿ, “ಇದು ಹೀಗಾಗಲೇ ಇಲ್ಲ” ಅಂತ ಶುರುಮಾಡುತ್ತಿದ್ದೆ. ನಮ್ಮನೆಯವರು ಕಡಲೆಕಾಯಿ ಬಟ್ಟಲು ಸಮೇತ ಎದ್ದು ಹೋದರು.

ನೋಟ್‌ಬುಕ್ ಬೇಕಾಗುವುದು ಎರಡನೇ ಸಲಕ್ಕೆ. ಪುಟಕ್ಕೆ ಮೂರು ಕಾಲಂ ಎಳೆಯಿರಿ: ಆದದ್ದು, ಆಗಿರಬಹುದಾದದ್ದು, ಆಗಲಾರದ್ದು. ನಡುವಿನದಕ್ಕೆ ಅರ್ಧ ಪುಟ ಬಿಡಿ, ಆಮೇಲೆ ಜಾಗ ಸಾಲುವುದಿಲ್ಲ.

ಕಥೆ ಶುರುವಾಗುವುದು 1199ರಲ್ಲಿ, ಫ್ರಾನ್ಸಿನ ಶಾಲ್ಯೂ ಕೋಟೆಯ ಮುಂದೆ. ಇಂಗ್ಲೆಂಡಿನ ದೊರೆ ರಿಚರ್ಡ್ ಸತ್ತದ್ದು ಆ ಮುತ್ತಿಗೆಯಲ್ಲೇ. ಇದು ಮೊದಲ ಕಾಲಂ. ಆದರೆ ಸಿನಿಮಾದಲ್ಲಿ ಬಾಣ ಕುತ್ತಿಗೆಗೆ ನೆಟ್ಟು ಅಲ್ಲೇ ಪ್ರಾಣ ಹೋಗುತ್ತದೆ. ನಿಜವಾಗಿ ಅಡ್ಡಬಿಲ್ಲಿನ ಬಾಣ ನಾಟಿದ್ದು ಭುಜಕ್ಕೆ. ಗಾಯ ಕೊಳೆತು ಏಪ್ರಿಲ್ 6ರಂದು ತೀರಿಕೊಂಡ. ಸಿನಿಮಾ ಹೇಳುವಂತೆ ಆಗವನು ಧರ್ಮಯುದ್ಧ (ಕ್ರುಸೇಡ್) ಮುಗಿಸಿ ಊರಿಗೆ ಹೊರಟಿದ್ದ ಅನ್ನುವುದೂ ಸರಿಯಲ್ಲ. ದಾರಿಯಲ್ಲಿ ಸೆರೆಸಿಕ್ಕಿ ಅವನು ಬಿಡುಗಡೆಯಾದದ್ದೇ 1194ರಲ್ಲಿ. ಇದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಬಿಡುಗಡೆಗೆ ಕೇಳಿದ್ದ ಹಣ 1,50,000 ಮಾರ್ಕ್, ಅದನ್ನು ಹೊಂದಿಸಲು ಜನರ ಆದಾಯದ ನಾಲ್ಕನೇ ಒಂದು ಪಾಲನ್ನೇ ತೆರಿಗೆಯಾಗಿ ಕೇಳಿದ್ದರು. ತೆರಿಗೆಯವರನ್ನು ಕಂಡರೆ ಹಳ್ಳಿಗೆ ಹಳ್ಳಿಯೇ ಯಾಕೆ ಉರಿಯುತ್ತದೆ ಅನ್ನುವುದಕ್ಕೆ ಇಲ್ಲೊಂದು ಉತ್ತರವಿದೆ.

ಮೂರನೇ ಕಾಲಂ ತುಂಬುವುದು ಸುಲಭ. ಕೊನೆಯ ಕದನದಲ್ಲಿ ದೋಣಿಗಳ ಮುಂಬಾಗಿಲು ದಡಕ್ಕೆ ಬಿದ್ದು ಫ್ರೆಂಚ್ ಸೈನಿಕರು ಇಳಿಯುತ್ತಾರಲ್ಲ, ಅದು ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ನಾರ್ಮಂಡಿಯ ದಡಕ್ಕೆ ಸೈನ್ಯ ಇಳಿದ ನೋಟ. ಫ್ರೆಂಚರು ಬಂದದ್ದು ಹೌದು, ಆದರೆ 1216ರಲ್ಲಿ, ರಾಜಕುಮಾರ ಲೂಯಿಯ ಜೊತೆ. ಹಕ್ಕುಪತ್ರದ ವಿಷಯವೂ ಹಾಗೆಯೇ. ದೊರೆಯ ಅಧಿಕಾರಕ್ಕೆ ಕಡಿವಾಣ ಹಾಕಿದ ಮ್ಯಾಗ್ನಾ ಕಾರ್ಟಾ 1215ರದ್ದು; ಸಿನಿಮಾ ಅಂಥದ್ದೊಂದನ್ನು ಹದಿನಾರು ವರ್ಷ ಹಿಂದಕ್ಕೆ ಎಳೆದು, ಅದರ ಮೂಲವನ್ನು ರಾಬಿನ್ನನ ಅಪ್ಪ, ಒಬ್ಬ ಕಲ್ಲುಕುಟಿಗನಿಗೆ ಕೊಟ್ಟಿದೆ. ಕಥಾನಾಯಕಿ ಮೇರಿಯನ್ ಕವಚ ತೊಟ್ಟು ಯುದ್ಧಕ್ಕೆ ಬರುವುದನ್ನು ನಾನು ಇಲ್ಲೇ ಬರೆದೆ. ನನ್ನ ಮಗಳು ಗೆರೆ ಎಳೆದು ಅದನ್ನು ನಡುವಿನ ಕಾಲಮ್ಮಿಗೆ ಸಾಗಿಸಿದ್ದಾಳೆ. ಜಗಳ ಇನ್ನೂ ಮುಗಿದಿಲ್ಲ.

ಈಗ ನಡುವಿನದು. ಚರ್ಚಿನವರು ಸಾಗಿಸುತ್ತಿದ್ದ ಬಿತ್ತನೆ ಕಾಳನ್ನು ರಾಬಿನ್ ಮತ್ತವನ ಗೆಳೆಯರು ರಾತ್ರಿ ಹೊತ್ತು ಅಡ್ಡಹಾಕಿ, ಬೆಳಗಾಗುವುದರೊಳಗೆ ಮೇರಿಯನ್ನಳ ಹೊಲಕ್ಕೆ ಬಿತ್ತುವ ದೃಶ್ಯವನ್ನು ಎರಡು ಸಲ ಹಾಕಿಕೊಳ್ಳಿ. ಇಡೀ ಚಿತ್ರದಲ್ಲಿ ನನಗೆ ಅದೇ ನಿಜ. ಇಂಥದ್ದು ನಡೆದ ದಾಖಲೆಯಿಲ್ಲ, ಬೇಡ. ನಮ್ಮಜ್ಜ ಬೀಜದ ರಾಗಿಯ ಮಡಕೆಯನ್ನು ಅಟ್ಟದ ಮೇಲಿಟ್ಟು, ಮನೆಯಲ್ಲಿ ಹಿಟ್ಟು ಮುಗಿದರೂ ಅದಕ್ಕೆ ಕೈಹಾಕಲು ಬಿಡುತ್ತಿರಲಿಲ್ಲ. ಸಾಲ ತರುತ್ತಿದ್ದರು, ಬೀಜ ಮುಟ್ಟುತ್ತಿರಲಿಲ್ಲ. ಬೀಜವನ್ನೇ ಕಿತ್ತುಕೊಂಡರೆ ಎಂಥ ಸಾಧುವೂ ಬಿಲ್ಲು ಹಿಡಿದಾನು.

ಮೇರಿಯನ್ನಳ ಗಂಡನಾಗಿದ್ದ ಸತ್ತ ಸರದಾರನ ಹೆಸರಿನಲ್ಲಿ ಬಿಲ್ಲುಗಾರ ರಾಬಿನ್ ಅವಳ ಮನೆ ಸೇರುವುದನ್ನೂ ಇಲ್ಲಿಯೇ ಬರೆಯಿರಿ. ಹಳೆಯ ಲಾವಣಿಗಳ ರಾಬಿನ್ ಸಾಮಾನ್ಯ ಒಕ್ಕಲು ಮನುಷ್ಯ. ಅವನಿಗೆ ಜಹಗೀರು ಕೊಟ್ಟದ್ದು 1598ರ ಹೊತ್ತಿನ ನಾಟಕಕಾರ ಆಂಥನಿ ಮಂಡೆ. ಸಿನಿಮಾದವರು ಸಾಮಾನ್ಯನಿಗೇ ಸರದಾರನ ಅಂಗಿ ತೊಡಿಸಿ ಎರಡೂ ಕಡೆಯವರನ್ನು ಸಮಾಧಾನ ಮಾಡಿದ್ದಾರೆ, ಜಾಣರು. ಹಾಂ, ಲಾವಣಿಯಲ್ಲಿ ಬರುವ ದೊರೆ ಎಡ್ವರ್ಡ್. ರಿಚರ್ಡನ ಕಾಲಕ್ಕೆ ರಾಬಿನ್ನನನ್ನು ಕೂರಿಸಿದ್ದು 1521ರಲ್ಲಿ ಸ್ಕಾಟ್ಲೆಂಡಿನ ಇತಿಹಾಸಕಾರ ಜಾನ್ ಮೇಜರ್.

ಕೊನೆಗೆ ರಿಚರ್ಡನ ತಮ್ಮ ಜಾನ್ ದೊರೆ ಆ ಹಕ್ಕುಪತ್ರ ಸುಟ್ಟು ರಾಬಿನ್ನನನ್ನು ಕಾನೂನಿನಿಂದ ಹೊರಹಾಕುವಲ್ಲಿ ನಿಲ್ಲಿಸಿ. ಅಂಥವನನ್ನು ಆಗ ‘ತೋಳದ ತಲೆ’ ಅನ್ನುತ್ತಿದ್ದರು: ತೋಳವನ್ನು ಕೊಂದಂತೆ ಯಾರು ಬೇಕಾದರೂ ಕೊಲ್ಲಬಹುದಿತ್ತು. 1226ರ ಯಾರ್ಕ್‌ಶೈರ್ ಲೆಕ್ಕಪತ್ರದಲ್ಲಿ ರಾಬರ್ಟ್ ಹಾಡ್ ಎಂಬ ತಲೆತಪ್ಪಿಸಿಕೊಂಡವನ ಸಾಮಾನಿಗೆ 32 ಶಿಲಿಂಗ್ 6 ಪೆನ್ಸ್ ಬೆಲೆ ಕಟ್ಟಿದ್ದಾರೆ. ಅವನೇ ಇವನು ಎನ್ನಲು ಆಧಾರವಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ಹೆಸರು ಮೊದಲ ಎರಡು ಕಾಲಮ್ಮುಗಳ ನಡುವಿನ ಗೆರೆಯ ಮೇಲೆಯೇ ಇದೆ.