ಸಮುದ್ರ ಬಲಗಡೆಯ ಕಿಟಕಿಗೆ: ಬಾರ್ಸಿಲೋನಾದಿಂದ ಜಿನೋವಾವರೆಗೆ ಬಸ್ಸಿನಲ್ಲಿ

ನಮ್ಮವರಿಗೆ ಮಂಡಿನೋವು. ಪೆಟ್ಟಿಗೆ ಎಳೆದುಕೊಂಡು ಊರಿಂದೂರಿಗೆ ರೈಲು ಹತ್ತಿಳಿಯುವುದು ಅವರಿಂದಾಗದು. ಹಾಗಾಗಿ ಮೆಡಿಟರೇನಿಯನ್ ಕರಾವಳಿ ನೋಡಲು ಬಸ್ ಪ್ರವಾಸವೇ ಸರಿ ಎಂದು ಇಬ್ಬರೂ ಒಪ್ಪಿದೆವು. ಕಾರ್ಯಕ್ರಮ ಪಟ್ಟಿಗಳನ್ನು ಹರಡಿಕೊಂಡು ಕುಳಿತಾಗ ನಾನು ಮೊದಲು ಹುಡುಕಿದ್ದು ಒಂದೇ ಹೋಟೆಲಿನಲ್ಲಿ ಎರಡು ರಾತ್ರಿ ಎಲ್ಲೆಲ್ಲಿ ತಂಗಿಸುತ್ತಾರೆ ಎಂಬುದನ್ನು. ದಿನಕ್ಕೊಂದು ಹೋಟೆಲ್ ಆದರೆ ನಸುಕಿನಲ್ಲೇ ಪೆಟ್ಟಿಗೆ ಕಟ್ಟಿ ಹೊರಗಿಡಬೇಕು, ಕತ್ತಲಾದ ಮೇಲೆ ಊರು ಸೇರಬೇಕು. ಅದರಲ್ಲಿ ಸಮುದ್ರ ನೋಡುವುದು ಯಾವಾಗ?

ವೀಸಾಕ್ಕೆ ಫ್ರಾನ್ಸ್‌ಗೇ ಅರ್ಜಿ ಹಾಕಿದೆವು. ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶಗಳನ್ನು ಸುತ್ತಬಿಡುವ ಷೆಂಗೆನ್ ನಿಯಮದಂತೆ ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆಯೂ ಬೇಕು.

ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ಬಸ್ಸಿನಲ್ಲಿ ಸಮುದ್ರ ಬಲಕ್ಕೆ ಬರುತ್ತದೆ. ಆದರೆ ಬಾರ್ಸಿಲೋನಾ ಬಿಟ್ಟ ಮೇಲೆ ಹೆದ್ದಾರಿ ಬಹುಪಾಲು ಒಳನಾಡಿನಲ್ಲೇ ಸಾಗುತ್ತದೆ. ಪಿರನೀಸ್ ಬೆಟ್ಟಸಾಲಿನ ಅಂಚನ್ನು ದಾಟಿ ಫ್ರಾನ್ಸಿಗೆ ಇಳಿದರೆ ದ್ರಾಕ್ಷಿತೋಟಗಳೇ ಹೆಚ್ಚು. ದಾರಿಯಲ್ಲಿ ನೀಮ್ ನಗರಕ್ಕೆ ನೀರು ಹರಿಸಲು ರೋಮನ್ನರು ಕಟ್ಟಿದ ಪೋಂ ದು ಗಾರ್ ಸೇತುವೆ ಸಿಕ್ಕಿತು. ಮೂರು ಅಂತಸ್ತಿನ ಕಮಾನುಗಳು, ಸುಮಾರು 49 ಮೀಟರ್ ಎತ್ತರ. ಕೆಳಗಿನ ನದಿದಂಡೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಕಣ್ಣು ಕೀಳಲು ಮನಸ್ಸು ಬರುವುದಿಲ್ಲ.

ಬಸ್ಸಿನ ದಿನಚರಿಯನ್ನು ನಿರ್ಧರಿಸುವುದು ಚಾಲಕರ ಕಾನೂನು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಚಾಲಕರು 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಎಲ್ಲವೂ ಟ್ಯಾಕೋಗ್ರಾಫ್ ಯಂತ್ರದಲ್ಲಿ ದಾಖಲಾಗುತ್ತದೆ. ಸಹಪ್ರಯಾಣಿಕರು ತಡವಾಗಿ ಬಂದಾಗಲೆಲ್ಲ ನನಗೆ ಚಾಲಕರ ಮೇಲೆ ಮರುಕ ಹುಟ್ಟುತ್ತಿತ್ತು; ನಮ್ಮ ಆಲಸ್ಯ ಅವರ ವಿಶ್ರಾಂತಿಯನ್ನು ತಿನ್ನುತ್ತದೆ. ನಾವಿಬ್ಬರಂತೂ ಹೇಳಿದ ಹೊತ್ತಿಗೆ ಮುಂಚೆಯೇ ಬಾಗಿಲ ಬಳಿ ಇರುತ್ತಿದ್ದೆವು.

ಪ್ರವಾಸದ ತಿರುಳು ಫ್ರಾನ್ಸಿನ ಕರಾವಳಿ ನಗರ ನೀಸ್. ಬಿಡುವಿನ ದಿನ ಗುಂಪನ್ನು ಬಿಟ್ಟು, ಪೆಟ್ಟಿಗೆಯ ಭಾರವಿಲ್ಲದೆ, ಇಟಲಿ ಗಡಿಯ ಹತ್ತಿರದ ಮಾಂತೋಂ ಊರಿನವರೆಗೆ ಸ್ಥಳೀಯ ರೈಲಿನಲ್ಲಿ ಹೋಗಿಬಂದೆವು. ಹಳಿ ಸಮುದ್ರಕ್ಕೆ ಅಂಟಿಕೊಂಡೇ ಓಡುತ್ತದೆ. ವಿಲ್‌ಫ್ರಾಂಷ್ ನಿಲ್ದಾಣದ ಕೆಳಗೇ ಕಡಲತೀರ. ಬಸ್ ತೋರಿಸದ ಕರಾವಳಿಯನ್ನು ಈ ರೈಲು ತೋರಿಸುತ್ತದೆ. ಬಸ್ ಪ್ರವಾಸಕ್ಕೆ ಹೋಗುವವರು ಇದನ್ನು ತಪ್ಪಿಸಬಾರದು ಎಂದು ಒತ್ತಿ ಹೇಳುತ್ತೇನೆ.

ಹಳೆಯ ನೀಸ್‌ನ ಓಣಿಯೊಂದರಲ್ಲಿ ಸೊಕ್ಕಾ ಬೇಯಿಸುತ್ತಿದ್ದರು. ಗಾಡಿಚಕ್ರದಷ್ಟು ಅಗಲದ ತಾಮ್ರದ ತಟ್ಟೆ, ಅದರಲ್ಲಿ ತೆಳ್ಳಗೆ ಹರಡಿದ ಹಿಟ್ಟು, ಕಟ್ಟಿಗೆ ಒಲೆಯ ಉರಿ. ಅಂಚು ಕಂದಾಗಿ ಅಲ್ಲಲ್ಲಿ ಸೀದ ಮೇಲೆ ಹೊರಗೆಳೆದು, ಕೆರೆದು ತುಂಡು ಮಾಡಿ, ಕರಿಮೆಣಸಿನ ಪುಡಿ ಉದುರಿಸಿ ಕಾಗದದಲ್ಲಿ ಕೊಟ್ಟರು.

“ರೀ, ಇದು ನಮ್ಮ ಕಡಲೆಹಿಟ್ಟೇ!” ಎಂದೆ.

“ಹಾಗಾದರೆ ಇನ್ನೊಂದು ತಗೋ,” ಎಂದರು ನಮ್ಮವರು.

ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ. ಸಸ್ಯಾಹಾರಿಗಳಿಗೆ ಆ ತೀರದಲ್ಲಿ ಇದಕ್ಕಿಂತ ನೆಮ್ಮದಿಯ ಊಟವಿಲ್ಲ.

ಮೊನಾಕೊದಲ್ಲಿ ಮಂಡಿಯ ಚಿಂತೆ ಕಾಡಲಿಲ್ಲ. ಪ್ರವಾಸಿ ಬಸ್ಸುಗಳು ಬಂಡೆಯೊಳಗಿನ ನಿಲುಗಡೆಗೆ ಹೋಗುತ್ತವೆ. ಅಲ್ಲಿಂದ ಲಿಫ್ಟ್, ಎಸ್ಕಲೇಟರ್‌ಗಳು ಹಳೆಯ ಊರಿಗೆ ಏರಿಸುತ್ತವೆ.

ಬಲಗಡೆಯ ಕಿಟಕಿ ಬೇಕೆಂದು ಮಾರ್ಗದರ್ಶಿಯನ್ನು ಮೊದಲೇ ಕೇಳಿಟ್ಟುಕೊಂಡಿದ್ದು ಇಟಲಿ ಪ್ರವೇಶಿಸುವ ದಿನಕ್ಕೆ. ವೆಂಟಿಮಿಲ್ಯಾದಿಂದ ಜಿನೋವಾ ಕಡೆಗೆ ಹೋಗುವ ಎ10 ಹೆದ್ದಾರಿಯಲ್ಲಿ ಸುರಂಗ, ಸೇತುವೆ, ಮತ್ತೆ ಸುರಂಗ. ಕತ್ತಲು ಮುಗಿಯುವಷ್ಟರಲ್ಲಿ ಕೆಳಗೆ ಕಡಲು, ಬೆಟ್ಟದ ಮೆಟ್ಟಿಲುಗಳಲ್ಲಿ ಹಸಿರುಮನೆಗಳು. ಕಣ್ಣು ಹೊಂದಿಕೊಳ್ಳುವ ಮೊದಲೇ ಮತ್ತೆ ಕತ್ತಲು. ಜಿನೋವಾದಲ್ಲಿ ರೆಂಜೊ ಪಿಯಾನೊ ವಿನ್ಯಾಸದ ಹೊಸ ಸೇತುವೆಯಿದೆ. 2018ರಲ್ಲಿ ಕುಸಿದು 43 ಜನರನ್ನು ಬಲಿ ತೆಗೆದುಕೊಂಡ ಸೇತುವೆಯ ಜಾಗದಲ್ಲೇ 2020ರಲ್ಲಿ ಅದು ತೆರೆಯಿತು.

ಜಿನೋವಾದ ಪೆಸ್ಟೊ ಎಂಬ ಹಸಿರು ಚಟ್ನಿ ಕಡು ಸಸ್ಯಾಹಾರಿಗಳಿಗೆ ಸಲ್ಲದು. ಅದರಲ್ಲಿ ಬೆಳ್ಳುಳ್ಳಿಯಿದೆ, ಬೆರೆಸುವ ಪಾರ್ಮಿಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಅಂಥವರು ಫಾರಿನಾಟಾ ಎಂದು ಕೇಳಿ, ಮೇಲೆ ಬೇರೇನೂ ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಿ. ನೀಸ್‌ನ ಸೊಕ್ಕಾವೇ ಗಡಿ ದಾಟಿದ ಮೇಲೆ ಈ ಹೆಸರಿನಲ್ಲಿ ಸಿಗುತ್ತದೆ.